ಸ್ಲೇಟಿನ ಗುಂಡಿ

ಮೊನ್ನೆ ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ಮಹಾನುಭಾವ ಒಂದು ವಿಡಿಯೋ ಹಾಕಿ ಕೆಳಗೆ ಹೀಗೆ ಬರೆದಿದ್ದ: ‘ಮೂರು ಫೀಲ್ಡ್ ರೆಕಾರ್ಡರ್ ಕಂಪೇರ್ ಮಾಡಿದಾರೆ. ಯಾವುದು ತಗೊಳ್ಳೋಣ? ಮೂರ್ತಿ ಅಂಕಲ್ ಹೇಳಲಿ. ಅವರು ಹೇಳಿದ್ಮೇಲೆ ಮುಗೀತು.’

ಆ ಮೂರ್ತಿ ಅಂಕಲ್ ನಾನೇ. ಕೊನೆಯ ಆ ಮೂರು ಪದ ಓದಿ ನನಗೆ ಮೈಯೆಲ್ಲ ಉರಿಯಿತು. ಫೋನನ್ನು ಸೋಫಾದ ಮೇಲೆ ಎಸೆದೆ. ನೆಲಕ್ಕೆ ಎಸೆಯುವಷ್ಟು ಸಿಟ್ಟಿತ್ತು, ಆದರೆ ಹೊಸ ಫೋನು, ಹಾಗಾಗಿ ಸೋಫಾ.

ಆಮೇಲೆ ವಿಡಿಯೋ ನೋಡಿದೆ. ಗಡ್ಡದ ಮನುಷ್ಯನೊಬ್ಬ ಗುಡ್ಡದ ಮೇಲೆ ಮೇಜು ಹಾಕಿಕೊಂಡು, ಮೂರು ಪೆಟ್ಟಿಗೆಗಳನ್ನು ಸಾಲಾಗಿಟ್ಟು, ಒಂದೊಂದನ್ನೇ ಕೂಸಿನ ಹಾಗೆ ಎತ್ತಿ ತೋರಿಸುತ್ತಿದ್ದ. ಇದರ ದನಿ ಬೆಚ್ಚಗಿದೆಯಂತೆ, ಅದರದ್ದು ತಿಳಿಯಾಗಿದೆಯಂತೆ, ಇನ್ನೊಂದರದ್ದು ಸ್ವಲ್ಪ ಒಣಗಿದೆಯಂತೆ. ದನಿಯೇನು ಹಂಡೆಯ ನೀರೇ, ಕೆರೆಯೇ, ಹಪ್ಪಳವೇ? ಇಂಥ ಮಾತು ಕೇಳಿದರೆ ನನಗೆ ಕೋಪ ಬರುತ್ತದೆ. ಯಾಕೆಂದರೆ ಇಂಥವೇ ಮಾತುಗಳನ್ನು ನಾನೂ ಆಡಿದ್ದೇನೆ. ನಮ್ಮ ಮನೆಯ ಹಾಲಿನಲ್ಲಿ, ಮೂರು ಪೆಟ್ಟಿಗೆಗಳ ಮುಂದೆ, ತಲೆ ಒಲೆದುಕೊಂಡು.

ಗೊತ್ತಿಲ್ಲದವರಿಗಾಗಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇವು ಹೆಗಲಿಗೆ ತೂಗುಹಾಕಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಾದ ಧ್ವನಿಮುದ್ರಣದ ಪೆಟ್ಟಿಗೆಗಳು. ಹಲವಾರು ಮೈಕು ಸಿಕ್ಕಿಸಬಹುದು. ಒಂದೊಂದು ಮೈಕಿನ ದನಿಯೂ ತನ್ನದೇ ಟ್ರ್ಯಾಕಿನಲ್ಲಿ, ಪಕ್ಕದ್ದಕ್ಕೆ ಅಂಟದೆ ಕೂರುತ್ತದೆ. ಅನ್ನ ಬೇರೆ, ಹುಳಿ ಬೇರೆ, ಪಲ್ಯ ಬೇರೆ. ಆಮೇಲೆ ನಿಮಗೆ ಬೇಕಾದಷ್ಟು ಬಡಿಸಿಕೊಳ್ಳಿ. ಸಾಧಾರಣ ರೆಕಾರ್ಡರಿನದು ಬಿಸಿಬೇಳೆ ಭಾತು. ಉಪ್ಪು ಹೆಚ್ಚಾದರೆ ಇಡೀ ಪಾತ್ರೆಗೆ ಹೆಚ್ಚಾಯಿತು. ನಮ್ಮ ಮೈಸೂರು ಕಡೆಯ ಹೆಂಗಸರು ಮೂವರು ಸೇರಿದರೆ ಮೂವರೂ ಒಟ್ಟಿಗೆ ಮಾತಾಡುತ್ತಾರೆ, ಮೂವರಿಗೂ ಮೂವರ ಮಾತೂ ಅರ್ಥವಾಗುತ್ತದೆ. ಆ ಟ್ರ್ಯಾಕುಗಳು ಅವರಿಗೆ ಹುಟ್ಟಿನಿಂದಲೇ ಬಂದಿವೆ. ಗಂಡಸರಿಗೆ ಪೆಟ್ಟಿಗೆ ಬೇಕು.

ನನ್ನ ಕಿವಿಯ ಹೆಗ್ಗಳಿಕೆ ಶುರುವಾದದ್ದು ನಂಜನಗೂಡಿನ ಪ್ರೈಮರಿ ಶಾಲೆಯಲ್ಲಿ. ಇದ್ದಿಲು, ತೊಂಡೆ ಸೊಪ್ಪು ಹಾಕಿ ಉಜ್ಜಿದ ಕಪ್ಪು ಸ್ಲೇಟಿನ ಮೇಲೆ ಬಳಪವನ್ನು ನೆಟ್ಟಗೆ ನಿಲ್ಲಿಸಿ ಎಳೆದರೆ ಒಂದು ಸದ್ದು ಬರುತ್ತದಲ್ಲ, ಕಿರ್ ಅಂತ, ಹಲ್ಲೆಲ್ಲ ಜುಮ್ಮೆನ್ನುವ ಹಾಗೆ. ಉಳಿದವರಿಗೆ ಅದು ಬರೀ ಕಿರಿಕಿರಿ. ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಇದು ಗೊತ್ತಾದ ಮೇಲೆ ಪಕ್ಕದಲ್ಲಿ ಕೂರುತ್ತಿದ್ದ ಬಸವರಾಜ ನನ್ನನ್ನು ಬಳಪ ತೋರಿಸಿಯೇ ಹೆದರಿಸುತ್ತಿದ್ದ. ಕಡಲೆಮಿಠಾಯಿಯ ಅರ್ಧ ಕೊಡದಿದ್ದರೆ ಕಿರ್. ಎಷ್ಟು ಮಿಠಾಯಿ ಕಳೆದುಕೊಂಡೆನೋ.

ಎಸೆಸೆಲ್ಸಿ ಮುಗಿಸಿ ಮೈಸೂರಿನಲ್ಲಿ ಒಂದು ಮೈಕ್ ಸೆಟ್ ಅಂಗಡಿಗೆ ಸೇರಿದೆ. ಮದುವೆ, ನಾಮಕರಣ, ಚುನಾವಣೆ, ಎಲ್ಲಕ್ಕೂ ನಾವೇ. ತಂತಿ ಎಲ್ಲಿ ಸಡಿಲವಾಗಿದೆ ಎಂದು ನಾನು ನೋಡದೆ ಹೇಳುತ್ತಿದ್ದೆ. ಅಂಗಡಿಯ ಸಾಹೇಬರು ಗಿರಾಕಿಗಳ ಮುಂದೆ, “ಇವನದು ಕಿವಿ ಅಲ್ಲ ಸ್ವಾಮಿ, ನಾಯಿ ಕಿವಿ” ಎನ್ನುತ್ತಿದ್ದರು. ಅದನ್ನು ಬಿರುದು ಎಂದುಕೊಂಡು ಇಷ್ಟು ವರ್ಷ ಹೊತ್ತೆ. ನಾಯಿಗೂ ವಯಸ್ಸಾಗುತ್ತದೆ ಎನ್ನುವುದು ಹೊಳೆಯಲಿಲ್ಲ.

ನೆಂಟರೊಬ್ಬರು ಸಿಂಗಪುರಕ್ಕೆ ಕರೆಸಿಕೊಂಡರು. ಟೀವಿ ಧಾರಾವಾಹಿ ಮಾಡುವ ಒಂದು ಕಂಪನಿಯಲ್ಲಿ ಸೌಂಡಿನ ಕೆಲಸ. ಮಲಯ, ತಮಿಳು, ಚೀನೀ, ಯಾವ ಭಾಷೆಯ ಅಳುವಾದರೂ ನನ್ನ ಹೆಗಲ ಮೇಲಿನ ಪೆಟ್ಟಿಗೆಯ ಮೂಲಕವೇ ಹೋಗಬೇಕು. ಆ ಪೆಟ್ಟಿಗೆಯಲ್ಲಿ ಒಂದು ಸಣ್ಣ ಮೈಕು ಒಳಗೇ ಇರುತ್ತದೆ. ಅದಕ್ಕೆ ಸ್ಲೇಟ್ ಮೈಕು ಎನ್ನುತ್ತಾರೆ. ಪಕ್ಕದ ಗುಂಡಿಯನ್ನು ಒತ್ತಿ ಹಿಡಿದು ‘ದೃಶ್ಯ ಇಂತಿಂಥದ್ದು, ಟೇಕ್ ಇಷ್ಟನೆಯದು’ ಎಂದು ನಾವು ಹೇಳಬೇಕು. ಬೆರಳು ಒತ್ತಿರುವಷ್ಟು ಹೊತ್ತು ಆ ಮೈಕು ಕೇಳಿಸಿಕೊಳ್ಳುತ್ತದೆ, ಎತ್ತಿದ ಕೂಡಲೇ ಕಿವುಡಾಗುತ್ತದೆ. ಮೊದಲ ಸಲ ಆ ಹೆಸರು ಕೇಳಿದಾಗ ನನಗೆ ಬಸವರಾಜನ ನೆನಪಾಗಿ ನಗು ಬಂದಿತ್ತು. ಕನ್ನಡದಲ್ಲಿ ಗುಂಡಿ ಎಂದರೆ ಒತ್ತುವುದೂ ಹೌದು, ಬೀಳುವುದೂ ಹೌದು. ಅದಕ್ಕೆ ನಗಲು ಆಗ ಕಾರಣವಿರಲಿಲ್ಲ.

ಈಗ ಕಮಲಳ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದಕ್ಕೇ ಎಂದು ನಿಮಗೆ ಗೊತ್ತಾಗಿಯೇ ಇರುತ್ತದೆ.

ಕಮಲ ನನ್ನ ಹೆಂಡತಿ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಎಲ್ಲ ಅವಳಿಗೆ ಬಾಯಿಪಾಠ. ಇಲ್ಲಿ ಯಾರ ಮನೆಯ ಶುಭಕಾರ್ಯವಾದರೂ, ಅದು ಬೆಡೋಕಿನ ಕಾಂಡೋದ ಫಂಕ್ಷನ್ ರೂಮಾದರೂ ಸರಿ, ಹೌಗಾಂಗಿನ ನಮ್ಮ ಬ್ಲಾಕಿನ ಕೆಳಗೆ ಕಂಬಗಳ ನಡುವಿನ ಖಾಲಿ ಜಾಗ, ವಾಯ್ಡ್ ಡೆಕ್ ಆದರೂ ಸರಿ, “ಕಮಲಾ ಆಂಟಿ, ಒಂದು ಹಾಡು” ಎಂದು ಶುರುವಾಗುತ್ತಿತ್ತು. ನಾನು ಮೂಲೆಯಲ್ಲಿ ಕೂತು ಕೇಸರಿಭಾತು ತಿನ್ನುತ್ತಿದ್ದೆ. ಊರಿನವರ ದನಿಯನ್ನೆಲ್ಲ ಹಿಡಿದಿಟ್ಟ ನಾನು ಅವಳ ಹಾಡನ್ನು ಒಂದು ಸಲವೂ ಹಿಡಿದಿಡಲಿಲ್ಲ. ಮನೆಯಲ್ಲೇ ಇದೆಯಲ್ಲ, ಎಲ್ಲಿ ಹೋಗುತ್ತದೆ?

ಅವಳ ಕತ್ತಿನಲ್ಲಿ ಗಡ್ಡೆ ಕಾಣಿಸಿಕೊಂಡದ್ದು ಪಕ್ಕದ ದೇಶದ ಕಾಡು ಉರಿದು ಇಲ್ಲೆಲ್ಲ ಹೊಗೆ ಕವಿದಿದ್ದ ಕಾಲದಲ್ಲಿ. ಥೈರಾಯ್ಡ್, ಕೆಟ್ಟದ್ದೇನಲ್ಲ, ಆದರೆ ತೆಗೆಯಲೇಬೇಕು ಎಂದರು. ಸ್ವರದ ನರ ಪಕ್ಕದಲ್ಲೇ ಹಾದುಹೋಗುತ್ತದೆ, ಮಾತಿಗೆ ತೊಂದರೆಯಾಗಲಿಕ್ಕಿಲ್ಲ, ಹಾಡಿನ ವಿಷಯ ಮಾತ್ರ ಖಚಿತವಾಗಿ ಹೇಳಲಾಗದು ಎಂದೂ ಹೇಳಿದರು. ಅವಳು ಮನೆಗೆ ಬಂದು ತೆಂಗಿನಕಾಯಿ ತುರಿಯುತ್ತಾ ಅಂದಳು:

“ರೀ, ಊರವರ ಕೆಮ್ಮನ್ನೆಲ್ಲ ರೆಕಾರ್ಡ್ ಮಾಡಿದ್ರಿ. ಆಪರೇಷನ್‌ಗೆ ಮುಂಚೆ ನಂದೊಂದು ಮಾಡ್ಬಿಡಿ.”

“ಅದಕ್ಕೇನಂತೆ” ಎಂದೆ.

ಪ್ರದೀಪನಿಗೆ ಹೇಳಿದೆ. ಅವನು ಬೆಂಗಳೂರಿನವನು, ಇಲ್ಲಿ ಬ್ಯಾಂಕೊಂದರ ಐಟಿಯಲ್ಲಿದ್ದಾನೆ, ಈ ಪೆಟ್ಟಿಗೆಗಳ ಹುಚ್ಚು ಹಿಡಿಸಿಕೊಂಡವನು. ನನ್ನನ್ನು ಗುರು ಎನ್ನುತ್ತಿದ್ದ. ಕಲ್ಲಾಂಗಿನ ಬಾಡಿಗೆ ಅಂಗಡಿಯಿಂದ ಮೂರು ಪೆಟ್ಟಿಗೆ ತಂದು ನಮ್ಮ ಹಾಲಿನ ಟೀಪಾಯಿಯ ಮೇಲಿಟ್ಟ. ಕಂಪೇರ್ ಮಾಡಿ ಒಂದನ್ನು ಆರಿಸಬೇಕು. ಮೊದಲನೆಯದು ಹೊಸದು, ಪರದೆಯನ್ನು ಮುಟ್ಟಿದರೆ ಸಾಕು. ಎರಡನೆಯದು ಕೈಯಗಲದ್ದು, ಅಷ್ಟು ಹಗುರ ಇದ್ದರೆ ನನಗೆ ನಂಬಿಕೆ ಬರುವುದಿಲ್ಲ. ಮೂರನೆಯದು ನಾನು ಕೆಲಸದಲ್ಲಿದ್ದಾಗ ಹೊರುತ್ತಿದ್ದ ಹಳೆಯ ಮಾದರಿ, ಇಟ್ಟಿಗೆಯಷ್ಟು ಭಾರ. ನೋಡಿದ ಕೂಡಲೇ ಹಳೆಯ ಎತ್ತನ್ನು ಕಂಡಂತಾಯಿತು.

ನಿಜ ಹೇಳುತ್ತೇನೆ. ಅಷ್ಟು ಹೊತ್ತಿಗೆ ನನ್ನ ಕಿವಿ ಹೋಗಿ ಕೆಲವು ವರ್ಷಗಳೇ ಆಗಿದ್ದವು. ಮಾತು ಕೇಳುತ್ತಿತ್ತು, ಕುಕ್ಕರಿನ ಕೂಗು ಕೇಳುತ್ತಿತ್ತು. ತೀರ ಸಣ್ಣ, ಎತ್ತರದ ಸದ್ದುಗಳು ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋಗಿದ್ದವು. ಸಿಂಗಪುರದ ಸರ್ಕಾರ ಸೊಳ್ಳೆಗಳನ್ನು ಪೂರ್ತಿ ನಿರ್ಮೂಲ ಮಾಡಿಬಿಟ್ಟಿದೆ ಎಂದು ಊರಿಂದ ಬಂದವರಿಗೆಲ್ಲ ಭಾಷಣ ಮಾಡುತ್ತಿದ್ದೆ. ಕಮಲ ಪಕ್ಕದಲ್ಲಿ ಚಟ್ ಎಂದು ತೋಳಿಗೆ ಹೊಡೆದುಕೊಳ್ಳುತ್ತಿದ್ದಳು. ನನ್ನ ಕಾಲಿನ ಮೇಲೆ ದದ್ದುಗಳೆದ್ದಿದ್ದವು. ಅದು ಉಷ್ಣ ಎಂದು ಬಾರ್ಲಿ ನೀರು ಕುಡಿದೆ.

ಥರ್ಮಾಮೀಟರ್ ಸದ್ದು ಮಾಡದಿದ್ದಾಗ ಅದು ಕೆಟ್ಟಿದೆ ಎಂದು ಹೊಸದು ತಂದೆ. ಹೊಸದೂ ಸದ್ದು ಮಾಡಲಿಲ್ಲ. ಆ ದಿನ ನನಗೆ ಗೊತ್ತಾಯಿತು. ಗೊತ್ತಾದದ್ದನ್ನು ಯಾರಿಗೂ ಹೇಳಲಿಲ್ಲ. ಡಾಕ್ಟರನ್ನು ಡಾಕ್ಟರ್ ಎನ್ನುವ ಹಾಗೆ ನನ್ನನ್ನು ಈ ಊರಿನ ಕನ್ನಡದವರು ಕಿವಿ ಎನ್ನುತ್ತಿದ್ದರು. ಅದನ್ನು ಬಿಟ್ಟರೆ ನನ್ನಲ್ಲಿ ಉಳಿದದ್ದು ಎಸೆಸೆಲ್ಸಿ ಮಾರ್ಕ್ಸ್ ಕಾರ್ಡು ಮಾತ್ರ.

ಪ್ರದೀಪ ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ರೆಕಾರ್ಡ್ ಮಾಡಿ ನನ್ನ ತಲೆಗೆ ಹೆಡ್‌ಫೋನ್ ಹಾಕಿದ. ನನಗೆ ಮೂರೂ ಒಂದೇ. ಕಣ್ಣು ಮುಚ್ಚಿದೆ. ಹ್ಞೂಂಗುಟ್ಟಿದೆ. ಮೊದಲನೆಯದು ಒಣ ಎಂದೆ, ಎರಡನೆಯದು ತೆಳು ಎಂದೆ. ಮೂರನೆಯದಕ್ಕೆ ತಲೆ ಒಲೆದೆ. “ಇದು ನೋಡು. ಎಷ್ಟು ಬೆಚ್ಚಗಿದೆ.”

ಪ್ರದೀಪ ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಮತ್ತೆ ಕೇಳಿದ. “ಅಂಕಲ್, ಇದ್ರಲ್ಲಿ ಮೇಲ್ಗಡೆ ಒಂಥರಾ ವಿಸಿಲ್ ತರ ಇಲ್ವಾ?”

“ಎಲ್ಲಿ?”

“ಅಂದ್ರೆ... ಈ ಅಡಾಪ್ಟರ್ ಇಂದ ಇರ್ಬಹುದೇನೋ. ಬ್ಯಾಟರಿ ಹಾಕಿ ಒಂದ್ಸಲ ಟ್ರೈ ಮಾಡೋಣ್ವಾ?”

“ಪ್ರದೀಪಾ, ನೀನು ಹುಟ್ಟೋಕೆ ಮುಂಚಿಂದ ಈ ಪೆಟ್ಟಿಗೆ ಹೊತ್ತಿದೀನಿ. ಇದು ಕ್ಲೀನ್.”

“ಸರಿ ಅಂಕಲ್. ನೀವು ಹೇಳಿದ್ಮೇಲೆ ಮುಗೀತು.”

ಆ ಪೆಟ್ಟಿಗೆಯನ್ನು ಆರಿಸಿದ್ದು ನನ್ನ ಕಿವಿಯಲ್ಲ, ಬೆರಳು. ಅದರ ಗುಂಡಿಗಳು ಎಲ್ಲಿವೆ ಎಂದು ನನಗೆ ನೋಡದೆ ಗೊತ್ತಿತ್ತು, ಅಷ್ಟೇ. ಹಾಗೆಂದು ಹೇಳಿದ್ದರೂ ಯಾರೂ ನಗುತ್ತಿರಲಿಲ್ಲ.

ಹಾಡಿಸಿದ ದಿನ ಹೊಗೆ ಜಾಸ್ತಿಯಿತ್ತು. ಎದುರಿನ ಬ್ಲಾಕು ಮಸುಕಾಗಿ, ಮುಖಕ್ಕೆ ಮಾಸ್ಕು ಹಾಕಿಕೊಂಡವರು ಕೆಳಗೆ ಓಡಾಡುತ್ತಿದ್ದರು. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ ಎಲ್ಲರೂ ಬೆವೆತೆವು. ಕಮಲಳ ಜೊತೆ ದನಿಗೂಡಿಸಲು ಇಬ್ಬರು ಬಂದಿದ್ದರು. ಒಬ್ಬಳು ಕೆಳಗಿನ ಮಹಡಿಯ ಜಯಂತಿ, ಇನ್ನೊಬ್ಬಳು ಪ್ರದೀಪನ ಹೆಂಡತಿ ಸುಧಾ. ಮೂವರಿಗೂ ಬೇರೆ ಬೇರೆ ಮೈಕು, ಬೇರೆ ಬೇರೆ ಟ್ರ್ಯಾಕು.

“ಏನ್ರೀ ಮೂರ್ತಿಗಳೇ, ಮುಖ ನೋಡಿದ್ರೆ ಆಪರೇಷನ್ ನಿಮಗೇ ಅನ್ನೋ ಹಾಗಿದೀರಿ” ಎಂದಳು ಜಯಂತಿ. ಈ ದ್ವೀಪದಲ್ಲೇ ಬೆಳೆದವಳು ಅವಳು, ಮಾತಿಗೆ ಇಲ್ಲಿಯವರ ‘ಲಾ’ ಎಂಬ ಬಾಲ ಅಂಟಿಸುತ್ತಾಳೆ. “ಸ್ವಲ್ಪ ನಗಿ ಲಾ.”

ಮೊದಲ ಹಾಡಾಯಿತು. ಕಮಲ ಒಂದು ಸಲ ಕೇಳಿಸಿ ಎಂದಳು. ಜಯಂತಿ, ಸುಧಾ ಹೆಡ್‌ಫೋನ್ ಹಾಕಿಕೊಂಡು ನೋಡಿದರು, ಕೊನೆಗೆ ಕಮಲ ಕೇಳಿದಳು. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು. ಅವಳ ಹುಬ್ಬು ಗಂಟಾಗಿತ್ತು. ನಾನು ಅದನ್ನು ಕತ್ತಿಗೆ ಹಾಕಿಕೊಂಡು, ರೆಕಾರ್ಡ್ ಒತ್ತಿ, ಸ್ಲೇಟಿನ ಗುಂಡಿಯನ್ನು ಹೆಬ್ಬೆರಳಿನಲ್ಲಿ ಹಿಡಿದು “ಎರಡನೇ ಹಾಡು” ಎಂದೆ.

“ರೀ, ಹಿಂದ್ಗಡೆ ಏನೋ ಕೀ ಅಂತಿದೆ” ಎಂದಳು ಕಮಲ.

ನನಗೆ ಎಲ್ಲಿತ್ತೋ ಸಿಟ್ಟು. “ಏನೂ ಅಂತಿಲ್ಲ. ನೀನು ಹಾಡೋದು ನೋಡ್ಕೋ, ಸೌಂಡ್ ನಾನು ನೋಡ್ಕೋತೀನಿ. ಜನ್ಮವೆಲ್ಲ ಇದೇ ಕೆಲಸ ಮಾಡಿದೀನಿ, ನಿನಗೇನು ಗೊತ್ತು ಇದ್ರಲ್ಲಿ? ಕೀ ಅಂತೆ, ಕೀ. ವಯಸ್ಸಾಯ್ತು, ನಿನ್ನ ಕಿವೀಲೇ ಇರ್ಬೇಕು.”

ಸುಧಾ ತನ್ನ ಬಳೆ ನೋಡಿಕೊಂಡಳು. ಪ್ರದೀಪ ತಂತಿ ನೋಡಿದ. ಜಯಂತಿ ಕೂಡ ಬಾಯಿ ಮುಚ್ಚಿದಳು ಎಂದರೆ ನನ್ನ ದನಿ ಹೇಗಿತ್ತೋ ನೀವೇ ಲೆಕ್ಕ ಹಾಕಿ. ಕಮಲ ಏನೋ ಅಂದಳು. ನಾನು ಪೆಟ್ಟಿಗೆಯ ಕಡೆ ತಿರುಗಿದ್ದೆ, ಕೇಳಲಿಲ್ಲ. ಗೊಣಗಿದಳು ಎಂದುಕೊಂಡೆ. ಆಮೇಲೆ ಅವಳು ಹಾಡಿದಳು. ಒಂದಾದ ಮೇಲೊಂದು, ಬರುತ್ತಿದ್ದದ್ದನ್ನೆಲ್ಲ ಹಾಡಿದಳು. ಕೊನೆಯಲ್ಲಿ ಅವಳ ಕಣ್ಣು ಒದ್ದೆಯಾಗಿತ್ತು. ಎಲ್ಲರಿಗೂ ಮಜ್ಜಿಗೆ ಕೊಟ್ಟಳು.

ಆ ವಾರವೇ ಆಪರೇಷನ್ ಆಯಿತು. ಗಡ್ಡೆ ಹೋಯಿತು. ದನಿ ಬಂತು, ಆದರೆ ಅದು ಬೇರೆಯ ದನಿ. ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ಮಾತಿಗೆ ಸಾಕು, ಮೇಲಕ್ಕೆ ಏರುವುದಿಲ್ಲ. ದೇವರ ಮುಂದೆ ಕೂತು ಒಂದು ದಿನ ಹಾಡು ಎತ್ತಿಕೊಳ್ಳಲು ನೋಡಿದಳು, ಅರ್ಧಕ್ಕೆ ನಿಲ್ಲಿಸಿದಳು. ಆಮೇಲೆ ಆ ಪ್ರಯತ್ನ ಮಾಡಲಿಲ್ಲ. “ಇರ್ಲಿ ಬಿಡಿ, ರೆಕಾರ್ಡ್ ಆಗಿದೆಯಲ್ಲ” ಎಂದಳು.

ಪ್ರದೀಪ ಆಫೀಸಿನ ಕೆಲಸ ಮುಗಿಸಿಕೊಂಡು, ಲ್ಯಾಪ್‌ಟಾಪ್ ಹಿಡಿದು ಸುಧಾಳೊಂದಿಗೆ ಮನೆಗೆ ಬಂದದ್ದು ಆಮೇಲೆ. ಜಯಂತಿಯೂ ಮೇಲೆ ಬಂದಳು. ಅವನು ಕಮಲಳ ಟ್ರ್ಯಾಕ್ ಮಾತ್ರ ಹಾಕಿದ. ಚೆನ್ನಾಗಿತ್ತು.

“ಚೆನ್ನಾಗಿದೆಯಲ್ಲೋ” ಎಂದೆ.

ಪ್ರದೀಪ ಕಮಲಳ ಮುಖ ನೋಡಿದ. ಕಮಲ ನೆಲ ನೋಡಿದಳು. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಸದ್ದನ್ನು ಚಿತ್ರ ಮಾಡಿ ತೋರಿಸುವ ವಿದ್ಯೆ ಈಗ ಬಂದಿದೆ. ಕಪ್ಪು ಪರದೆ, ಕೆಳಗೆ ಅಲೆ ಅಲೆಯಾಗಿ ಕಮಲಳ ದನಿ. ಅದರ ಮೇಲೆ, ಹಾಡಿನ ಉದ್ದಕ್ಕೂ, ನಡುಗುವ ಒಂದು ಬಿಳಿ ಗೆರೆ. ಸ್ಲೇಟಿನ ಮೇಲೆ ಬಳಪವನ್ನು ನೆಟ್ಟಗೆ ನಿಲ್ಲಿಸಿ ಎಳೆದ ಹಾಗೆ.

“ಇದೇ ವಿಸಿಲ್, ಅಂಕಲ್.”

ಕಿವಿಗೆ ಕೇಳದ್ದು ಕಣ್ಣಿಗೆ ಕಂಡಿತು. ನನ್ನ ಹಲ್ಲು ಜುಮ್ಮೆಂದಿತು.

“ಆವತ್ತೇ ಕೇಳಿಸ್ತಿತ್ತಾ ನಿನಗೆ?”

“ಕೇಳಿಸ್ತಿತ್ತು.”

“ಮತ್ತೆ ಬಾಯಲ್ಲೇನು ಕಡುಬಿತ್ತಾ?”

“ನೀವು ಕ್ಲೀನ್ ಅಂದ್ರಲ್ಲ ಅಂಕಲ್. ನಂದೇ ಹೆಡ್‌ಫೋನ್ ಹೋಗಿದೆ ಅನ್ಕೊಂಡೆ. ಹೊಸದು ಆರ್ಡರ್ ಕೂಡ ಮಾಡ್ಬಿಟ್ಟೆ.”

“ನಾನು ನಂಗೇ ಬೀಪಿ ಶುರುವಾಯ್ತೇನೋ ಅನ್ಕೊಂಡೆ” ಎಂದಳು ಸುಧಾ.

“ನಾನು ನಿಮ್ಮನೆ ಫ್ರಿಜ್ಜು ಅನ್ಕೊಂಡೆ ಲಾ” ಎಂದಳು ಜಯಂತಿ.

ನೋಡಿ, ಇದಕ್ಕೆ ಏನೆನ್ನಬೇಕು? ಹೆಡ್‌ಫೋನ್ ಹಾಕಿಕೊಂಡವರಿಗೆಲ್ಲ ಕೇಳಿಸಿತ್ತು. ದೊಡ್ಡವರು ಇಲ್ಲ ಎಂದ ಮೇಲೆ ಒಬ್ಬ ಹೆಡ್‌ಫೋನ್ ಬದಲಾಯಿಸುತ್ತಾನೆ, ಒಬ್ಬಳು ಬೀಪಿ ನೋಡಿಸಿಕೊಳ್ಳುತ್ತಾಳೆ, ಒಬ್ಬಳು ನಮ್ಮ ಫ್ರಿಜ್ಜಿನ ಮೇಲೆ ಹಾಕುತ್ತಾಳೆ. ‘ಮುದುಕ, ನಿನ್ನ ಕಿವಿ ಹೋಗಿದೆ, ಬ್ಯಾಟರಿ ಹಾಕು’ ಎನ್ನುವುದಕ್ಕೆ ಒಬ್ಬರಿಗೂ ನಾಲಿಗೆ ಹೊರಳಲಿಲ್ಲ. ಸುಡುಗಾಡು ಗೌರವ. ಅವರ ಮೇಲೆ ನಾನು ಆ ದಿನ ಕೂಗಾಡಿದೆ. ಕೂಗಾಡುವ ಯೋಗ್ಯತೆ ಆ ಕೋಣೆಯಲ್ಲಿ ಯಾರಿಗಾದರೂ ಇದ್ದರೆ ಕಮಲಳಿಗಿತ್ತು. ಅವಳು ಒಳಗೆ ಹೋಗಿ ಕಾಫಿಗೆ ಇಟ್ಟಳು. ಹಾಡಿಸಿದ ದಿನ ಅವಳೊಬ್ಬಳೇ ಅಲ್ಲವೇ ಬಾಯಿಬಿಟ್ಟು ಹೇಳಿದವಳು.

ಪ್ರದೀಪ ಕಂಪ್ಯೂಟರಿನಲ್ಲಿ ವಿಸಿಲ್ ತೆಗೆಯಲು ಬಹಳ ಒದ್ದಾಡಿದ. ಅದು ಒಂದೇ ಕಡೆ ನಿಲ್ಲುವುದಿಲ್ಲವಂತೆ, ಅಲೆಯುತ್ತದಂತೆ. ಅದರ ಜೊತೆಗೆ ಸಕಾರ, ಶಕಾರಗಳೂ ಕಿತ್ತು ಬರುತ್ತವಂತೆ. ತೆಗೆದ ಮೇಲೆ ‘ಹಸೆಗೆ’ ಎನ್ನುವುದು ‘ಹಎಗೆ’ ಎಂದು ಕೇಳುತ್ತದೆ, ನೀವೇ ಕೇಳಿ ಎಂದ. ಕೇಳಿದೆ. ನನಗೆ ಎರಡೂ ಒಂದೇ ಕೇಳಿಸಿತು. ಇಷ್ಟು ವರ್ಷ ನನ್ನ ಹೆಂಡತಿಯ ಹಾಡು ನನಗೆ ಸಕಾರವಿಲ್ಲದೆಯೇ ಕೇಳುತ್ತಿತ್ತು ಎಂದಾಯಿತು. ಈ ಸಲ ಮಾತ್ರ ನಿಜ ಹೇಳಿದೆ. “ನನಗೆ ಗೊತ್ತಾಗ್ತಿಲ್ಲ ಪ್ರದೀಪಾ. ನನ್ನ ಕಿವಿ ಹೋಗಿದೆ” ಎಂದೆ. ಹೇಳಿ ಮುಗಿಸಿದಾಗ ಅಷ್ಟು ಸುಲಭದ ವಾಕ್ಯ ಅದು ಎಂದು ಇನ್ನಷ್ಟು ಸಿಟ್ಟು ಬಂತು.

ಈಗ ನನ್ನ ಕಿವಿಗಳ ಹಿಂದೆ ಎರಡು ಯಂತ್ರಗಳಿವೆ. ಸೊಳ್ಳೆಗಳು ವಾಪಸು ಬಂದಿವೆ. ಗುಂಪಿನಲ್ಲಿ ಕೇಳಿದ ಮಹಾನುಭಾವನಿಗೆ ಉತ್ತರವನ್ನೂ ಇಲ್ಲೇ ಕೊಟ್ಟುಬಿಡುತ್ತೇನೆ. ನಿಮ್ಮ ವಿಡಿಯೋವನ್ನು ಕಮಲಳಿಗೆ ಕೇಳಿಸಿದೆ. ಎರಡನೆಯದು ವಾಸಿ ಎಂದಳು. ಯಾಕೆ ಎಂದೆ. “ಅದ್ರಲ್ಲಿ ಅವನ ಹಿಂದೆ ಹಕ್ಕಿ ಕೂಗೋದು ಕೇಳುತ್ತೆ” ಎಂದಳು. ಬೆಚ್ಚಗೆ, ತಣ್ಣಗೆ ಎಂದೇನೂ ಹೇಳಲಿಲ್ಲ. ಅದನ್ನೇ ತೆಗೆದುಕೊಳ್ಳಿ. ಬ್ಯಾಟರಿ ಹಾಕಿ.

ಇನ್ನೊಂದು ಉಳಿದಿದೆ. ಆ ದಿನ ಕಾಫಿ ಕುಡಿದ ಮೇಲೆ ಪ್ರದೀಪ ಲ್ಯಾಪ್‌ಟಾಪ್ ಮುಚ್ಚಲು ಹೋಗಿ, ಮುಚ್ಚದೆ, ಮುಜುಗರದಿಂದ ಹೇಳಿದ. “ಅಂಕಲ್, ಒಂದು ಕಡೆ ಆಂಟಿ ವಾಯ್ಸ್ ಪೂರ್ತಿ ಕ್ಲೀನ್ ಇದೆ. ಸ್ಲೇಟ್ ಮೈಕಲ್ಲಿ. ಅದರ ವೈರಿಂಗ್ ಬೇರೆ ದಾರಿ, ವಿಸಿಲ್ ಅಲ್ಲಿಗೆ ಹೋಗಿಲ್ಲ. ನೀವು ಗುಂಡಿ ಹಿಡ್ಕೊಂಡೇ ಇದ್ರಿ. ಹಾಕ್ಲಾ?”

ಕಮಲ “ಹಾಕಪ್ಪ” ಎಂದಳು.

ಮೊದಲು ನನ್ನ ದನಿ. ಎರಡನೇ ಹಾಡು. ದೂರದಿಂದ ಅವಳ ‘ಕೀ ಅಂತಿದೆ’. ಆಮೇಲೆ ಮತ್ತೆ ನಾನು, ಪೂರ್ತಿ, ಒಂದಕ್ಷರ ಬಿಡದೆ: ನಿನಗೇನು ಗೊತ್ತು, ವಯಸ್ಸಾಯ್ತು, ನಿನ್ನ ಕಿವೀಲೇ ಇರ್ಬೇಕು. ಎಷ್ಟು ಸ್ಪಷ್ಟ. ನಾನು ಮಾಡಿದ ರೆಕಾರ್ಡಿಂಗುಗಳಲ್ಲೇ ಅಷ್ಟು ಶುದ್ಧವಾದದ್ದು ಇನ್ನೊಂದಿರಲಾರದು. ಆಮೇಲೆ ನಾನು ಗೊಣಗಾಟ ಎಂದುಕೊಂಡದ್ದು ಬಂತು, ಅವಳ ಹಳೆಯ ದನಿಯಲ್ಲಿ, ತೊಳೆದಿಟ್ಟ ಹಾಗೆ:

“ಆಯ್ತು ಬಿಡಿ. ನಿಮಗೆ ಕೇಳಿಸ್ಲಿಲ್ಲ ಅಂದ್ರೆ ಇಲ್ಲ ಅಂತಲೇ ಇಟ್ಕೊಳ್ಳೋಣ.”

ಹಾಗಾದರೆ ಅವಳಿಗೆ ಗೊತ್ತಿತ್ತು. ಆವತ್ತೇ ಗೊತ್ತಿತ್ತು. ಥರ್ಮಾಮೀಟರಿನ ದಿನದಿಂದ ಗೊತ್ತಿತ್ತೋ ಏನೋ. ಅಷ್ಟು ಜನರ ಮುಂದೆ ನನ್ನ ಮಾನ ಉಳಿಸಲು ತನ್ನ ಹಾಡನ್ನು ಬಿಟ್ಟುಕೊಟ್ಟಿದ್ದಳು.

ಅದಾದ ಮೇಲೆ ಅವಳು ಶ್ರುತಿ ಹಿಡಿದುಕೊಳ್ಳಲು ಮ್ ಎಂದು ಎಳೆದದ್ದು ಕೇಳಿಸಿತು. ದುಂಡಗಿನ ಸ್ವರ, ಮೇಲಕ್ಕೇರಲು ಹೊರಟಿತು. ಟಕ್. ಸಿಟ್ಟು ಇಳಿದು ನನ್ನ ಹೆಬ್ಬೆರಳು ಗುಂಡಿಯಿಂದ ಎದ್ದಿತ್ತು.

ಪ್ರದೀಪ ತಲೆ ಎತ್ತಲಿಲ್ಲ. ಕಮಲ ಪರದೆಯನ್ನು ನೋಡಿದಳು. ಆಮೇಲೆ ಆ ಮೊರದ ದನಿಯಲ್ಲಿ ನಕ್ಕಳು.

“ಇನ್ನೊಂದು ಸ್ವಲ್ಪ ಬೈಬೇಕಿತ್ತು ಕಣ್ರೀ ನೀವು. ಒಂದು ಸಾಲಾದ್ರೂ ಸಿಕ್ಕಿರೋದು.”

ಜಯಂತಿ ನಕ್ಕಳು, ಸುಧಾ ನಕ್ಕಳು. ನನಗೆ ನಗಲಾಗಲಿಲ್ಲ. ಇವತ್ತಿಗೂ ಆಗಿಲ್ಲ. ಬೈದದ್ದಕ್ಕೆ ನನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ, ಬೈಗುಳವನ್ನು ಅಷ್ಟು ಬೇಗ ಮುಗಿಸಿ ಬೆರಳೆತ್ತಿದ್ದಕ್ಕೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.